ಅಫು ಹಾಕದ ಕೂಸು

ಅಳುವ ಕೂಸನ್ನು ಕಂಡು ಮುಖ ಸಿಂಡರಿಸುವವರನ್ನು ನೋಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಕೂಸು ಅಳದೆ ಮತ್ತೇನು ಪುರಾಣ ಓದಬೇಕೇ? ಹೊಟ್ಟೆ ಇದ್ದದ್ದಕ್ಕೆ ಹಸಿವಾಗುತ್ತದೆ, ಬಾಯಿ ಇದ್ದದ್ದು ಅಳುತ್ತದೆ. ಇಷ್ಟು ತಿಳಿಯಲಿಕ್ಕೆ ಸಾಲಿಗೆ ಹೋಗಬೇಕಾಗಿಲ್ಲ. ನಾನು ಹೋಗಿರಲಿಲ್ಲ, ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ, ಮೊಮ್ಮಕ್ಕಳ ಪಾಟಿ ಕಸಿದುಕೊಂಡು. ಕಲಿತಿದ್ದೇನೆ ಅಂದ ಮೇಲೆ ಬರೆಯುತ್ತೇನೆ. ಯಾರಿಗೆ ಬೇಸರವಾದರೂ ಸರಿ.

ನಾನು ಯಲಬುರ್ಗಾ ಕಡೆಯ ಹಳ್ಳಿಯವಳು. ಮದುವೆಯಾಗಿ ಕೊಪ್ಪಳಕ್ಕೆ ಬಂದೆ. ನಮ್ಮ ಓಣಿ ಕೋಟೆಗುಡ್ಡದ ಬುಡದಲ್ಲಿತ್ತು. ಗಂಡ ಸ್ಟೇಶನ್ನಿನಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲ. ದೊಡ್ಡ ಲಡಾಯಿ ನಡೆದಿದ್ದ ಕಾಲ ಅದು. ಜೋಳ ಸಿಕ್ಕುವುದೇ ಕಷ್ಟವಾಗಿ, ಒಬ್ಬರ ದುಡಿಮೆಯಲ್ಲಿ ಒಂದು ಮನೆ ಉಣ್ಣುವಂತಿರಲಿಲ್ಲ. ಸುಗ್ಗಿ ಮುಗಿದು ಹೊಲಗಳಿಂದ ಹತ್ತಿ ಬರಲು ಶುರುವಾದರೆ ಊರ ಹೊರಗಿನ ಹತ್ತಿ ಗಿರಣಿ ಭೋಂಗಾ ಊದುತ್ತಿತ್ತು. ಆ ಕೂಗಿಗೆ ನಮ್ಮ ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಹತ್ತಿಯೊಳಗಿನ ಎಲೆ, ಕಸ, ಕಲೆ ಬಿದ್ದ ತೊಳೆ ಆರಿಸಿ ತೆಗೆಯುವುದು, ಕಾಳು ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ತುಂಬುವುದು, ಇವು ಹೆಂಗಸರ ಕೆಲಸ. ನನ್ನ ಅತ್ತೆಯೂ ವಯಸ್ಸಿನಲ್ಲಿ ಅದೇ ಗಿರಣಿಗೆ ಹೋಗಿ ದುಡಿದವಳು. ಕಣ್ಣು ಮಂಜಾದ ಮೇಲೆ ಬಿಟ್ಟಿದ್ದಳು. ಅವಳ ಜಾಗಕ್ಕೆ ಹೋಗುತ್ತೀಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಸೊಸೆಯನ್ನು ಯಾರು ಕೇಳುತ್ತಾರೆ?

ಹೆರಿಗೆಗೆ ತವರಿಗೆ ಹೋದವಳು ಹೆಣ್ಣು ಕೂಸನ್ನು ಎತ್ತಿಕೊಂಡು ತಿರುಗಿ ಬಂದಾಗ ಗಿರಣಿ ಆಗಲೇ ಶುರುವಾಗಿತ್ತು. ಓಣಿಯಲ್ಲಿ ಮನೆಗೊಂದು ತೊಟ್ಟಿಲು. ಆದರೆ ಹಗಲಿನಲ್ಲಿ ಒಂದು ಕೂಸಿನ ದನಿ ಇಲ್ಲ. ನನ್ನ ಮಗಳು ಮಾತ್ರ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಕೊಪ್ಪಳದ ಮಕ್ಕಳು ಎಷ್ಟು ಶಾಣ್ಯಾ ಇದ್ದಾವೆ, ನನ್ನದೇ ಯಾಕೆ ಹೀಗೆ ಎಂದು ಮೊದಲ ಎರಡು ದಿನ ನಾನು ನಾಚಿಕೊಂಡದ್ದೂ ಉಂಟು.

ಕೂಸಿಲ್ಲದಾಗ ನಾನು ಅದಕ್ಕೆ ಲಕ್ಷ್ಯ ಕೊಟ್ಟಿರಲಿಲ್ಲ, ಆಮೇಲೆ ಕಣ್ಣಾರೆ ಕಂಡೆ. ಮುಂಜಾನೆ ಭೋಂಗಾ ಊದುವ ಹೊತ್ತಿಗೆ ಪ್ರತಿ ಮನೆಯ ಹೊಸ್ತಿಲಲ್ಲಿ ಒಬ್ಬ ಅಜ್ಜಿ ಕೂತು, ಗುಂಡನೆಯ ಸಣ್ಣ ಹಿತ್ತಾಳೆ ಡಬ್ಬಿಯಿಂದ ಕಪ್ಪನೆಯ ಅಫೀಮನ್ನು ಉಗುರಿನಿಂದ ಕೆರೆದು, ಸಾಸಿವೆ ಕಾಳಿನಷ್ಟು ಉಂಡೆ ಮಾಡಿ ಕೂಸಿನ ನಾಲಿಗೆಯ ಕೆಳಗೆ ಇಡುತ್ತಿದ್ದಳು. ಅಫು ಎನ್ನುತ್ತಿದ್ದರು ಅದಕ್ಕೆ. ಮಧ್ಯಾಹ್ನ ತಾಯಿ ಓಡಿಬಂದು ಮೊಲೆ ಕೊಡುವವರೆಗೆ ಕೂಸು ಕಣ್ಣು ತೆರೆಯುತ್ತಿರಲಿಲ್ಲ. ಆಮೇಲೆ ಇನ್ನೊಂದು ಸಾಸಿವೆ ಕಾಳು, ಸಂಜೆಯವರೆಗೆ. ಇದರಲ್ಲಿ ಯಾರಿಗೂ ನಾಚಿಕೆ ಇರಲಿಲ್ಲ, ಮುಚ್ಚುಮರೆ ಇರಲಿಲ್ಲ. ಪರವಾನಗಿ ಇದ್ದ ಅಂಗಡಿಯಲ್ಲಿ ಉಪ್ಪು ತಂದ ಹಾಗೆ ತರುತ್ತಿದ್ದರು, ಕಾಡಿಗೆ ಹಚ್ಚಿದ ಹಾಗೆ ಹಾಕುತ್ತಿದ್ದರು.

ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು, ಕುಂಚಿಗೆ, ಉಡಿದಾರದ ಜೊತೆಗೆ ಒಂದು ಅಫು ಡಬ್ಬಿಯನ್ನೂ ಕಳಿಸುವುದು ಆ ಓಣಿಯ ಪದ್ಧತಿ. ನನ್ನ ಅವ್ವ ಕಳಿಸಿದ ಗಂಟನ್ನು ಅತ್ತೆ ಒಂದೊಂದಾಗಿ ಬಿಚ್ಚಿ ನೋಡಿದಳು. ಕುಂಚಿಗೆಗೆ ಮಣಿ ಹಚ್ಚಿದ್ದು ಛಲೋ ಆಗಿದೆ ಎಂದಳು. ಕೊನೆಗೆ ಡಬ್ಬಿ ಎಲ್ಲಿ ಎಂದು ಕೇಳಿದಳು. ಯಾವ ಡಬ್ಬಿ ಎಂದೆ. ಅವಳು ಬೈಯಲಿಲ್ಲ, ಏನೂ ತಿಳಿಯದ ಹಳ್ಳಿಯ ಮಂದಿ ಎಂದು ಕನಿಕರದಿಂದ ನೋಡಿ, ತನ್ನ ತವರಿನ ಹಳೇ ಡಬ್ಬಿಯನ್ನೇ ಗೂಡಿನಿಂದ ತೆಗೆದು ಬೂದಿಯಲ್ಲಿ ತಿಕ್ಕಿಟ್ಟಳು.

ನಮ್ಮ ಹಳ್ಳಿಯಲ್ಲಿ ಕೂಸುಗಳು ಹೊಲಕ್ಕೆ ಬರುತ್ತಿದ್ದವು. ಗಿಡದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಇರುವೆ ಕಚ್ಚಿದರೆ ಅಳುತ್ತಿದ್ದವು, ಹಸಿದರೆ ಅಳುತ್ತಿದ್ದವು. ತಾಯಿ ಕುಡುಗೋಲು ಬಿಟ್ಟು ಓಡುತ್ತಿದ್ದಳು. ಅಷ್ಟೇ. ಅದರಿಂದ ಯಾವ ಕಣವೂ ಬರಿದಾಗಲಿಲ್ಲ.

ಅಫು ಬೇಡ ಎಂದೆ. ಯಾರೂ ಕಲಿಸಿ ಹೇಳಿದ ಮಾತಲ್ಲ ಅದು. ಪಕ್ಕದ ಮನೆಯಲ್ಲಿ ಒಂದು ಗಂಡು ಕೂಸಿತ್ತು. ಅದರ ತಾಯಿಯೂ ಗಿರಣಿಗೆ ಹೋಗುವವಳೇ, ನೋಡಿಕೊಳ್ಳುವವಳು ಅಜ್ಜಿ. ಅದರ ತುಟಿಯ ಮೇಲೆ ನೊಣ ಕೂತರೆ ಕೂತೇ ಇರುತ್ತಿತ್ತು. ಕೂಸು ಕಣ್ಣು ಅರ್ಧ ತೆರೆದು ನೋಡುತ್ತಿತ್ತೇ ಹೊರತು ಕೈ ಎತ್ತುತ್ತಿರಲಿಲ್ಲ. ನನ್ನ ಮಗಳೋ, ನೊಣ ಹತ್ತಿರ ಸುಳಿದರೆ ಸಾಕು, ಮನೆ ಬಿದ್ದವರ ಹಾಗೆ ಕಿರುಚುತ್ತಿದ್ದಳು. ನನಗೆ ಕಿರುಚುವ ಕೂಸೇ ಬೇಕು ಎಂದು ಅಂದೇ ನಿಶ್ಚಯ ಮಾಡಿದೆ. ಬೇಕು ಅಂದರೆ ಬೇಕು.

ಅತ್ತೆ ಕೆಟ್ಟವಳಾಗಿದ್ದರೆ ಜಗಳ ಸಲೀಸಾಗುತ್ತಿತ್ತು. ಅವಳು ಕೆಟ್ಟವಳಲ್ಲ. ಬಿಸಿ ರೊಟ್ಟಿ ಮೊದಲು ನನ್ನ ತಟ್ಟೆಗೆ ಹಾಕಿ ತಾನು ನಿನ್ನೆಯ ಕಟಕ ರೊಟ್ಟಿ ನೆನೆಸಿಕೊಂಡು ತಿನ್ನುತ್ತಿದ್ದಳು. ಕೂಸು ಅಂದರೆ ಅವಳಿಗೆ ಪ್ರಾಣ. ಆ ಪ್ರೀತಿಯಿಂದಲೇ ಹೇಳುತ್ತಿದ್ದಳು: ಮಲಗಿದ ಕೂಸು ಬೆಳೆಯುತ್ತದೆ, ಅತ್ತ ಕೂಸಿನ ಹೊಕ್ಕಳು ಉಬ್ಬುತ್ತದೆ, ತಾನು ಹೆತ್ತವನ್ನೆಲ್ಲ ಹೀಗೇ ಬೆಳೆಸಿದ್ದು. ಗಂಡನನ್ನು ಕೇಳಿದರೆ ಅವನೂ ಅದೇ ರಾಗ. ನನಗೂ ಅವ್ವ ಅಫು ಹಾಕಿಯೇ ಬೆಳೆಸಿದ್ದು, ನಾನೇನು ಸತ್ತೆನೇ ಎಂದು ನಕ್ಕ. ನೀವು ಸತ್ತಿಲ್ಲ, ಆದರೆ ಎಚ್ಚರವಾದಂತೆಯೂ ಕಾಣುವುದಿಲ್ಲ ಎಂದೆ. ಆಮೇಲೆ ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಬಿಡಲಿ.

ಒಂದು ಮುಂಜಾನೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಗಿರಣಿಗೇ ಹೋದೆ. ಅಂಗಳದಲ್ಲಿ ದೊಡ್ಡ ಬೇವಿನ ಗಿಡವಿತ್ತು. ಯಂತ್ರದ ಮನೆಯಿಂದ ದೂರ, ಗೇಟಿನ ಹತ್ತಿರ. ಅದಕ್ಕೊಂದು ಜೋಳಿಗೆ ಕಟ್ಟಿದರೆ ಯಾರ ಅಪ್ಪನ ಗಂಟು ಹೋಗುತ್ತದೆ ಎಂದು ನನ್ನ ಲೆಕ್ಕ. ಗೇಟಿನಲ್ಲಿ ಮುಕಾದಮ ಕೋಲು ಅಡ್ಡ ಹಿಡಿದ. ಹೆಂಗಸರನ್ನು ಕೆಲಸಕ್ಕೆ ಹಚ್ಚುವುದು, ತೆಗೆಯುವುದು ಎಲ್ಲ ಅವನ ಕೈಯಲ್ಲೇ ಇತ್ತು. ಧೂಳು ಐತಿ, ಬೆಂಕಿಯ ಭಯ ಐತಿ, ಯಂತ್ರದ ಪಟ್ಟಾ ತಿರುಗುತ್ತದೆ ಎಂದೆಲ್ಲ ಹೇಳಿದ. ಗಿಡ ಅಂಗಳದಲ್ಲಿದೆಯಲ್ಲ, ಪಟ್ಟಾ ಅಲ್ಲಿಗೆ ನಡೆದು ಬರುತ್ತದೆಯೇ ಎಂದೆ. ಆಗ ನಿಜ ಹೊರಗೆ ಬಂತು.

“ಕೂಸು ಅತ್ತರ ನಿನ್ನ ಕೈ ನಿಂದರತೈತಿ. ನಿನ್ನ ನೋಡಿ ನಾಳೆ ಎಲ್ಲಾರೂ ಕಟ್ಟಿಕೊಂಡು ಬರ್ತಾರ. ಅವರೆಲ್ಲ ಅಫು ಹಾಕಿ ಮಲಗಿಸಿ ಬರಂಗಿಲ್ಲೇನು? ನಿಂದೇನು ದೊರಿ ಮನಿ ಕೂಸೇನು?”

ನನ್ನ ಕೂಸು ನನಗೆ ದೊರೆಯ ಮನೆಯದೇ ಎಂದು ಹೇಳಿದೆ. ಹಾಗಾದರೆ ಅರಮನೆಗೇ ಹೋಗು ಎಂದು ಗೇಟು ಎಳೆದುಕೊಂಡ. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವತ್ತಿನ ಕೆಲಸ ಹೋಯಿತು.

ಮನೆಗೆ ಬಂದವಳಿಗೆ ಅತ್ತೆ ಬಿಸಿ ನೀರು ಕೊಟ್ಟು, ಕೂಸನ್ನು ತಾನು ನೋಡಿಕೊಳ್ಳುವುದಾಗಿ ಹೇಳಿದಳು. ಅಫು ಇಲ್ಲದೆ ನೋಡಿಕೊಳ್ಳುತ್ತೀರಾ ಎಂದು ಕೇಳಿದೆ. ನೋಡಿಕೊಳ್ಳುತ್ತೇನೆ, ಹುಲಿಗೆಮ್ಮನ ಆಣೆ ಎಂದಳು. ಹುಲಿಗಿಯ ಅಮ್ಮನ ಹೆಸರಿನಲ್ಲಿ ಆಣೆ ಇಟ್ಟವರನ್ನು ನಮ್ಮ ಕಡೆ ಯಾರೂ ಮತ್ತೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಮರುದಿನ ಗಿರಣಿಗೆ ಹೋದೆ.

ಅತ್ತೆ ಮಾತು ಉಳಿಸಿಕೊಂಡಳು, ಒಂದಷ್ಟು ದಿನ. ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ಭಾವಿಯಿಂದ ನೀರು ತಂದಳು, ಸೆಗಣಿ ಬಳಿದಳು, ಉಳ್ಳವರ ಮನೆಗೆ ಹೋಗಿ ಜೋಳ ಬೀಸಿ ಬಂದಳು. ಸಂಜೆ ನಾನು ಬರುವ ಹೊತ್ತಿಗೆ ಅವಳ ಕಣ್ಣುಗಳು ಒಳಗೆ ಹೋಗಿರುತ್ತಿದ್ದವು. ಓಣಿಯವರು ಬೇರೆ, ಮಾತಿನಲ್ಲೇ ಚುಚ್ಚುತ್ತಿದ್ದರು: ಸೊಸೆಯ ಹಟಕ್ಕೆ ಮುದುಕಿ ಸಾಯುತ್ತಿದ್ದಾಳೆ ಎಂದು. ಅತ್ತೆ ದಣಿದಿದ್ದಳು, ನಿಜ. ಆ ಓಣಿಯಲ್ಲಿ ದಣಿಯದವರು ಯಾರಿದ್ದರು? ದಣಿವಿಗೆ ಮದ್ದು ಕೂಸಿನ ಬಾಯಿಗೆ ಹಾಕುವುದು ಯಾವ ನ್ಯಾಯ?

ಒಂದು ಮಧ್ಯಾಹ್ನ, ಊಟದ ಭೋಂಗಾ ಆದದ್ದೇ ಮನೆಯ ಕಡೆ ಓಡಿದೆ. ಎದೆ ಕಟ್ಟಿ ಕುಪ್ಪಸವೆಲ್ಲ ಹಾಲು. ಓಣಿಯ ತುದಿಗೆ ಬರುವಾಗಲೇ ಮಗಳ ದನಿ ಕೇಳುವುದು ರೂಢಿ, ಅವತ್ತು ಕೇಳಲಿಲ್ಲ. ನಮ್ಮ ಹೊಸ್ತಿಲಲ್ಲಿ ಪಕ್ಕದ ಮನೆಯ ಅಜ್ಜಿ ಕೂತಿದ್ದಳು. ಅತ್ತೆ ನೀರಿಗೆ ಹೋಗಿದ್ದಾಳೆಂದೂ ಕೂಸು ಬಂಗಾರದ ಹಾಗೆ ಮಲಗಿದೆಯೆಂದೂ ಹೇಳಿದಳು.

ಎತ್ತಿಕೊಂಡೆ. ಕುತ್ತಿಗೆ ಹಿಂದಕ್ಕೆ ಬಿತ್ತು. ಮೊಲೆ ಬಾಯಿಗಿಟ್ಟೆ, ಬಾಯಿ ಹಿಡಿಯಲಿಲ್ಲ, ಹಾಲು ಗಲ್ಲದ ಮೇಲೆ ಹರಿದು ಕಿವಿಗೆ ಇಳಿಯಿತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಕರಿಗುಡ್ಡೆ ಗಸಗಸೆ ಕಾಳಿನಷ್ಟು. ಉಸಿರು ಇತ್ತು, ಆದರೆ ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು.

ಅತ್ತೆ ಕೊಡ ಹೊತ್ತು ಒಳಗೆ ಬಂದಳು. ಅವಳಿಗೆ ನಾನು ಮರ್ಯಾದೆ ಬಿಟ್ಟು ಮಾತಾಡಿದ್ದು ಅದೇ ಮೊದಲು.

“ಅತ್ತೀ, ಏನ ಹಾಕಿದಿ ನನ್ನ ಕೂಸಿಗೆ?”

ಅವಳು ಕೊಡ ಇಳಿಸಲಿಲ್ಲ. ಹೊತ್ತುಕೊಂಡೇ ನಿಂತು ಹೇಳಿದಳು.

“ಮುಂಜಾನೆ ಒಂದೀಟು ಹಾಕೀನಿ, ಯವ್ವಾ. ಇವತ್ತೊಂದ ದಿನ. ನಡಾ ಎತ್ತಾಕ ಆಗಲಿಲ್ಲ ನನಗ.”

ಪಕ್ಕದ ಮನೆಯ ಅಜ್ಜಿ ಹೊಸ್ತಿಲಿನಿಂದ ಎದ್ದು ನಿಂತಳು.

“ಈಗಷ್ಟ ನಾನೂ ಹಾಕೀನಲ್ಲಬೇ.”

ಆದದ್ದು ಇಷ್ಟು. ಆಣೆ ಮುರಿದ ಅತ್ತೆ, ನನಗೆ ತಿಳಿದೀತೆಂದು ಯಾರಿಗೂ ಹೇಳದೆ ಮುಂಜಾನೆ ಒಂದು ಉಂಡೆ ಹಾಕಿದ್ದಳು. ನೀರಿಗೆ ಹೋಗುವಾಗ ಕೂಸನ್ನು ನೋಡಿಕೋ ಎಂದಳೇ ಹೊರತು ಅಫು ಹಾಕಿದ್ದನ್ನು ಹೇಳಲಿಲ್ಲ. ಕೂಸು ಮಿಸುಕಾಡಿದಾಗ ಪಕ್ಕದ ಮನೆಯಾಕೆ, ಪಾಪ ಅತ್ತೆ ಒಂದು ದಿನವಾದರೂ ಸೊಂಟ ಚಾಚಲಿ ಎಂದು, ತನ್ನ ಮೊಮ್ಮಗನಿಗೆ ಹಾಕುವ ಅಳತೆಯಲ್ಲಿ ತನ್ನ ಡಬ್ಬಿಯಿಂದ ಇನ್ನೊಂದು ಹಾಕಿದ್ದಳು. ಅವಳೂ ಗುಟ್ಟಾಗಿಯೇ. ಓಣಿಯ ಎಲ್ಲ ಮನೆಗಳಲ್ಲಿ ಬಹಿರಂಗವಾಗಿ ನಡೆಯುವ ಕೆಲಸ ನಮ್ಮ ಮನೆಯಲ್ಲಿ ಮಾತ್ರ ಕದ್ದು ನಡೆದು, ಎರಡು ಸಲ ನಡೆಯಿತು.

ಪಕ್ಕದ ಮನೆಯಾಕೆ ದವಾಖಾನೆಗೆ ಓಡಿದಳು. ಡಾಕ್ಟರು ಹಳ್ಳಿಗಳ ಕಡೆ ದೌರೆಗೆ ಹೋಗಿದ್ದಾರೆಂದು ತಿರುಗಿ ಬಂದಳು. ಅಷ್ಟರಲ್ಲಿ ಅತ್ತೆ ಕೊಡ ಕೆಳಗಿಟ್ಟು ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡಿದ್ದಳು. ತಣ್ಣೀರು ಮುಖಕ್ಕೆ ಎರಚಿದಳು. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಅಂಗಾಲಿಗೆ ಹೊಡೆಯುತ್ತ ಅಂಗಳದಲ್ಲಿ ಆ ಕಡೆ ಈ ಕಡೆ ಓಡಾಡಿದಳು. ಒಂದು ಕಾಲಿಗೆ ಅವಳು, ಒಂದು ಕಾಲಿಗೆ ನಾನು. ಮಧ್ಯಾಹ್ನದ ಎರಡನೆಯ ಭೋಂಗಾ ಊದಿತು, ನಿಂತಿತು. ಕೂಸು ಏಳಲಿಲ್ಲ. ಒಮ್ಮೆ ಕೈ ಬೆರಳು ಆಡಿದ ಹಾಗೆ ಆಗುತ್ತಿತ್ತು, ಮತ್ತೆ ಇಲ್ಲ. ನಾನು ಹಾಡಲಿಲ್ಲ, ದೇವರನ್ನು ಕರೆಯಲಿಲ್ಲ. ಬೈದೆ. ಎದ್ದೇಳೇ ರಂಡೆ, ಹೆತ್ತವಳನ್ನು ಸಾಯಿಸಬೇಕೆಂದು ಹುಟ್ಟಿದೆಯಾ ಎಂದು ಬಾಯಿಗೆ ಬಂದ ಹಾಗೆ ಬೈದೆ.

ಅತ್ತೆ ಹೊಡೆಯುತ್ತಲೇ ಇದ್ದಳು. ಹೊಡೆಯುತ್ತ, ನನಗಲ್ಲ, ತನಗೇ ಹೇಳಿಕೊಂಡಳು:

“ಅವನೂ ಹಿಂಗ ತಣ್ಣಗ ಆಗಿದ್ದ.”

ಯಾರು ಎಂದು ಕೇಳಿದೆ. ಅವಳು ಕೂಸಿನ ತೊಡೆಯನ್ನು ಎರಡು ಉಗುರಿನ ನಡುವೆ ಹಿಡಿದು ರಕ್ತ ಚಿಮ್ಮುವ ಹಾಗೆ ಚಿವುಟಿದಳು. ಬಿಡಲಿಲ್ಲ. ಕೂಸಿನ ಹುಬ್ಬು ಗಂಟಾಯಿತು. ತುಟಿ ನಡುಗಿತು. ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಅತ್ತೆ ಇನ್ನೊಂದು ತೊಡೆ ಚಿವುಟಿದಳು. ಆಗ ನನ್ನ ಮಗಳು ಬಾಯಿ ತೆರೆದಳು ನೋಡಿ. ಸಿಟ್ಟಿನಿಂದ ಮುಖವೆಲ್ಲ ಕೆಂಪು ಮಾಡಿಕೊಂಡು, ಉಸಿರು ಹಿಡಿದು ಬಿಟ್ಟು ಅತ್ತಳು. ನಾನು ನೆಲಕ್ಕೆ ಕುಸಿದು, ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯದೆ ಅವಳನ್ನು ತಬ್ಬಿಕೊಂಡೆ. ಹೊತ್ತು ಇಳಿಯುವವರೆಗೆ ಮಲಗಲಿಕ್ಕೆ ಬಿಡಲಿಲ್ಲ ನಾವು. ಕಣ್ಣು ಎಳೆದರೆ ಚಿವುಟುವುದು, ಅತ್ತರೆ ಮೊಲೆ ಕೊಡುವುದು. ಅತ್ತೆ ಗೋಡೆಗೆ ಒರಗಿ ಕೂತಳು. ಅವಳ ಅಂಗೈ ಎರಡೂ ಊದಿದ್ದವು.

ಸಂಜೆ ಓಣಿ ಸೇರಿತು. ಪಂಚಾಯ್ತಿಯ ತೀರ್ಮಾನ ಏನು ಗೊತ್ತೇ? ಸೊಸೆ ಹಟ ಮಾಡದೆ ಒಪ್ಪಿದ್ದರೆ ಇಬ್ಬರೂ ಮುಚ್ಚಿಡುತ್ತಿರಲಿಲ್ಲ, ಮುಚ್ಚಿಡದಿದ್ದರೆ ಎರಡು ಸಲ ಬೀಳುತ್ತಿರಲಿಲ್ಲ, ಆದ್ದರಿಂದ ತಪ್ಪು ಸೊಸೆಯದು. ಅತ್ತೆ ಒಡೆದ ಗಡಿಗೆಗೆ ಬೆಲೆ ಇಲ್ಲವಂತಲ್ಲ, ಹಾಗೆ. ವಿಷ ಹಾಕಿದವರದಲ್ಲ, ಬೇಡ ಎಂದವಳದು ತಪ್ಪು! ನಾನು ಎದ್ದು ಗೂಡಿನಲ್ಲಿದ್ದ ಡಬ್ಬಿ ತೆಗೆದುಕೊಂಡು ಎಲ್ಲರ ಎದುರಿಗೇ ಅದರೊಳಗಿನದನ್ನು ಒಲೆಗೆ ಸುರಿದೆ. ಕೆಟ್ಟ ವಾಸನೆ ಎದ್ದಿತು. ಅದು ಅತ್ತೆಯ ತವರಿನ ಡಬ್ಬಿ.

ಕೂಸು ಮೊಲೆ ಬಿಡುವವರೆಗೆ ಗಿರಣಿ ಬಿಟ್ಟು ಮನೆಯಲ್ಲಿರು ಎಂದ ಗಂಡ. ಉಣ್ಣುವುದು ಏನನ್ನು ಎಂದೆ. ಹಾಗಾದರೆ ಏನು ಮಾಡುತ್ತೀ ಎಂದ. ಮನೆಯಲ್ಲೂ ಕೂಡುವುದಿಲ್ಲ, ಅಫುವನ್ನೂ ಹಾಕುವುದಿಲ್ಲ, ನಾಳೆ ಕೂಸನ್ನು ಕರೆದುಕೊಂಡು ಅದೇ ಗೇಟಿಗೆ ಹೋಗುತ್ತೇನೆ ಎಂದೆ. ಮುಕಾದಮ ಹೊಡೆದು ಓಡಿಸುತ್ತಾನೆ ಎಂದ. ಹೊಡೆಯಲಿ, ಹೊಡೆಸಿಕೊಂಡು ನಿಲ್ಲುತ್ತೇನೆ ಎಂದೆ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂದು ಗೊಣಗಿ ಮಗ್ಗುಲಾದ. ಬುದ್ಧಿ ಮೊಣಕಾಲ ಕೆಳಗೇ ಇರಲಿ, ನಡೆದು ಹೋಗಲಿಕ್ಕೆ ಅನುಕೂಲವಾಯಿತು.

ಮುಂಜಾನೆ ಹೊರಟೆ. ಕೂಸು ಸೊಂಟದ ಮೇಲೆ, ಬುತ್ತಿ ತಲೆಯ ಮೇಲೆ. ಓಣಿ ದಾಟುವಾಗ ಹಿಂದೆ ಯಾರೋ ಬರುತ್ತಿರುವಂತಾಗಿ ತಿರುಗಿ ನೋಡಿದರೆ ಅತ್ತೆ. ಬಗಲಲ್ಲಿ ತನ್ನ ಹಳೇ ಸೀರೆ, ಕೈಯಲ್ಲಿ ಹಗ್ಗ. ಹಿಂದಿನ ಸಂಜೆಯಿಂದ ನಾನು ಅವಳ ಜೊತೆ ಒಂದು ಮಾತು ಆಡಿರಲಿಲ್ಲ. ಮುಂದೆ ನಡೆದೆ. ನನ್ನ ಹೊಟ್ಟೆಯ ಬೆಂಕಿ ಆರಿರಲಿಲ್ಲ; ಸುಳ್ಳು ಯಾಕೆ ಹೇಳಲಿ.

ಗೇಟಿನಲ್ಲಿ ಕೆಲಸಕ್ಕೆ ಬಂದ ಹೆಂಗಸರು ನಿಂತಿದ್ದರು. ಮುಕಾದಮ ನನ್ನನ್ನು ಕಂಡದ್ದೇ ಕೋಲು ಅಡ್ಡ ಚಾಚಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಮುದುಕಿ ನೀನ್ಯಾಕೆ ಬಂದೆ, ಕೂಸನ್ನು ಕರೆದುಕೊಂಡು ಮನೆಗೆ ನಡಿ ಎಂದ ಅವನು. ಅತ್ತೆ ಎಂದೂ ದನಿ ಎತ್ತಿ ಮಾತಾಡಿದವಳಲ್ಲ. ಅವತ್ತೂ ಎತ್ತಲಿಲ್ಲ.

“ಆರು ಮಕ್ಕಳನ್ನ ಅಫು ಹಾಕಿ ಮಲಗಿಸೀನ್ರಿ ನಾನು, ಇದ ಗಿರಣಿ ಸಲುವಾಗಿ. ಐದು ಎದ್ದುವು. ಒಂದು ಏಳಲಿಲ್ಲ. ದೇವರು ಒಯ್ದ ಅಂದ್ರು, ನಾನೂ ಹಂಗ ಅಂದೆ. ಮಣ್ಣ ಮಾಡಿ ಮರುದಿನ ಇದ ಗೇಟಿನಾಗ ಬಂದು ನಿಂತಿದ್ದೆ. ನಿನ್ನಿ ತಿಳೀತು ನನಗ, ಒಯ್ದಿದ್ದು ದೇವರಲ್ಲ. ಈ ಕೂಸು ಇಲ್ಲೇ ಇರತೈತಿ, ಇಲ್ಲೇ ಅಳತೈತಿ. ನೀವು ಕೇಳಿಸಿಕೋರಿ.”

ಮುಕಾದಮ ಅಡ್ಡ ಹಿಡಿದ ಕೋಲು ಇಳಿಸಿದ. ಬೇವಿನ ಗಿಡದ ಕಡೆ ಕೋಲು ತೋರಿಸಿ ಪಕ್ಕಕ್ಕೆ ಸರಿದ. ಅತ್ತೆ ಹಗ್ಗ ಬಿಚ್ಚುತ್ತ ಒಳಗೆ ನಡೆದಳು.

ನಾನೂ ಹೆಜ್ಜೆ ಎತ್ತಿದೆ. ಆಗ ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಾಕೆ, ನಮ್ಮ ಪಕ್ಕದ ಮನೆಯ ಗಂಡು ಕೂಸಿನ ತಾಯಿ, ಬುತ್ತಿಯನ್ನು ನೆಲಕ್ಕಿಟ್ಟು ಓಣಿಯ ಕಡೆ ಓಡತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು ಓಡಿದಳು. ಇಬ್ಬರೂ ಆಗಷ್ಟೇ ಕೂಸುಗಳಿಗೆ ಅಫು ಹಾಕಿಸಿ ಮಲಗಿಸಿ ಬಂದಿದ್ದರು.